ಮಗುವಿನ ಮಾತಿಗೊಂದು ಪಟ್ಟಿ: ಮನೆಯಲ್ಲೇ ಭಾಷಾ ಕಲಿಕೆ ದಾಖಲಿಸುವ ಬಗೆ

ಕುಮಟಾ, ಹೊನ್ನಾವರದ ಕಡೆ ಒಂದೂವರೆ ವರ್ಷದ ಮಗುವಿರುವ ಮನೆಗೆ ಹೋದರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಮಾಣಿ ಈಗ ಎಂತೆಂತದೋ ಹೇಳ್ತ. ಬರೆದಿಟ್ಟುಕೊಳ್ಳಬೇಕಿತ್ತು.’ ಬರೆದಿಡುವವರು ಮಾತ್ರ ಕಡಿಮೆ. ಆರು ತಿಂಗಳು ಹೋದರೆ ಮಗು ಮೀನಿಗೆ ಮೊದಲು ಏನಂತಿತ್ತು ಅನ್ನುವುದು ಹೆತ್ತವರಿಗೇ ನೆನಪಿರುವುದಿಲ್ಲ. ಬರೆದಿಡಬೇಕು ಅಂತ ನಿಜವಾಗಿ ಅನ್ನಿಸಿದವರಿಗಾಗಿ ಈ ಮಾರ್ಗದರ್ಶಿ. ತಾಯಿ, ತಂದೆ, ಅಜ್ಜಿ, ಅಂಗನವಾಡಿ ಟೀಚರು ಯಾರು ಬೇಕಾದರೂ ಮಾಡಬಹುದು.

ಇದು ಬರೀ ಮುದ್ದಿನ ಕೆಲಸ ಅಂದುಕೊಳ್ಳಬೇಡಿ. ಮಕ್ಕಳ ಭಾಷೆಯ ಸಂಶೋಧನೆ ಶುರುವಾದದ್ದೇ ಹೀಗೆ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗ ವಿಲಿಯಂ ಬಗ್ಗೆ ಟಿಪ್ಪಣಿ ಇಟ್ಟಿದ್ದ. 1877ರಲ್ಲಿ ಅದನ್ನು ‘ಮೈಂಡ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಜರ್ಮನಿಯ ಕ್ಲಾರಾ ಮತ್ತು ವಿಲಿಯಂ ಸ್ಟರ್ನ್ ದಂಪತಿ ತಮ್ಮ ಮಕ್ಕಳ ಮಾತಿನ ದಿನಚರಿ ಬರೆದು 1907ರಲ್ಲಿ ಪುಸ್ತಕ ಮಾಡಿದರು. ವರ್ನರ್ ಲಿಯೋಪೋಲ್ಡ್ ಇಂಗ್ಲಿಷ್ ಮತ್ತು ಜರ್ಮನ್ ಎರಡನ್ನೂ ಕೇಳಿ ಬೆಳೆದ ಮಗಳು ಹಿಲ್ಡೆಗಾರ್ಡ್ ಮಾತನ್ನು ದಾಖಲಿಸಿ, 1939ರಿಂದ 1949ರವರೆಗೆ ನಾಲ್ಕು ಸಂಪುಟ ಹೊರತಂದರು. ಯಾರ ಹತ್ತಿರವೂ ಯಂತ್ರ ಇರಲಿಲ್ಲ. ಮನೆಯಲ್ಲಿ ಒಂದು ಮಗು ಇತ್ತು, ಕೈಯಲ್ಲಿ ಪೆನ್ನು ಇತ್ತು.

ನಿಮಗೆ ಬೇಕಾದದ್ದು ಇನ್ನೂರು ಪುಟದ ಒಂದು ಪಟ್ಟಿ (ನಮ್ಮ ಕಡೆ ನೋಟ್‌ಬುಕ್ಕಿಗೆ ಹೀಗೇ ಅನ್ನುವುದು), ಪೆನ್ನು, ಇರುವ ಮೊಬೈಲು. ಜೊತೆಗೆ ಒಂದು ಕಟ್ಟುನಿಟ್ಟು: ಮಗು ಹೇಳಿದ್ದನ್ನು ಬರೆಯಬೇಕು, ಅದು ಹೇಳಬೇಕಿತ್ತು ಅಂತ ನಮಗೆ ಅನ್ನಿಸಿದ್ದನ್ನಲ್ಲ. ಓದಲು ಸುಲಭ, ಪಾಲಿಸಲು ಕಷ್ಟ. ಮುಂದಿನ ಎಲ್ಲ ಹಂತಗಳೂ ಒಂದಲ್ಲ ಒಂದು ಬಗೆಯಲ್ಲಿ ಇದನ್ನು ಕಾಯುವ ಉಪಾಯಗಳೇ.

ಹಂತ 1: ಯಾರು ಯಾವ ಭಾಷೆ ಆಡುತ್ತಾರೆ, ಮೊದಲು ಬರೆದುಕೊಳ್ಳಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದೇ ಭಾಷೆ ಕೇಳಿ ಬೆಳೆಯುವ ಮಗು ಹುಡುಕಿದರೂ ಸಿಗುವುದು ಕಷ್ಟ. ಕಾರವಾರದ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ನೌಕಾನೆಲೆಯ ಕ್ವಾರ್ಟರ್ಸ್ ಹತ್ತಿರವಿದ್ದರೆ ಆಟಕ್ಕೆ ಹಿಂದಿ. ಭಟ್ಕಳದಲ್ಲಿ ನವಾಯತ ಮುಸ್ಲಿಮರ ನವಾಯತಿ. ಶಿರಸಿ, ಸಿದ್ದಾಪುರದಲ್ಲಿ ಹವ್ಯಕರ ಹವಿಗನ್ನಡ. ಅಂಕೋಲಾ, ಕುಮಟಾದ ಹಳ್ಳಿಗಳಲ್ಲಿ ಹಾಲಕ್ಕಿ ಕನ್ನಡ. ಮುಂಡಗೋಡದಲ್ಲಿ ಟಿಬೆಟನ್ ಕೂಡ ಇದೆ.

ಪಟ್ಟಿಯ ಮೊದಲ ಪುಟದಲ್ಲಿ ಒಂದು ಕೋಷ್ಟಕ ಹಾಕಿ. ಎಡಗಡೆ ಮಗುವಿನ ಜೊತೆ ದಿನಾ ಇರುವವರ ಹೆಸರು. ಬಲಗಡೆ ಅವರು ಮಗುವಿನ ಹತ್ತಿರ ಆಡುವ ಭಾಷೆ, ದಿನಕ್ಕೆ ಹೆಚ್ಚುಕಡಿಮೆ ಎಷ್ಟು ಗಂಟೆ. ‘ಮಗುವಿನ ಹತ್ತಿರ’ ಅನ್ನುವುದು ಮುಖ್ಯ. ಅಪ್ಪ ಅಮ್ಮ ತಮ್ಮೊಳಗೆ ಕೊಂಕಣಿ ಆಡಿ, ಮಗುವಿಗೆ ಮಾತ್ರ ಕನ್ನಡ ಅಥವಾ ಇಂಗ್ಲಿಷ್ ಆಡುವ ಮನೆಗಳು ಈಗ ಜಾಸ್ತಿ. ಎರಡನ್ನೂ ಬೇರೆ ಬೇರೆ ಬರೆಯಿರಿ. ಎರಡು ಭಾಷೆಯ ಮಕ್ಕಳನ್ನು ಅಧ್ಯಯನ ಮಾಡುವವರು ಹೆತ್ತವರಿಗೆ ಕೇಳುವ ಮೊದಲ ಪ್ರಶ್ನೆಗಳು ಇಂಥವೇ. ಆರು ತಿಂಗಳಿಗೊಮ್ಮೆ ಕೋಷ್ಟಕವನ್ನು ಹೊಸದಾಗಿ ಹಾಕಿ. ಅಜ್ಜಿ ಮಗಳ ಮನೆಗೆ ಹೋದರೆ, ಮಗು ಅಂಗನವಾಡಿಗೆ ಸೇರಿದರೆ ಲೆಕ್ಕವೇ ಬದಲಾಗುತ್ತದೆ.

‘ಎರಡು ಮೂರು ಭಾಷೆ ಆಡಿದರೆ ಮಗುವಿಗೆ ಗೊಂದಲ ಆಗ್ತದೆ, ಮಾತು ತಡ ಆಗ್ತದೆ’ ಅನ್ನುವ ಹೆದರಿಕೆ ಈಗಲೂ ಇದೆ. ಕೆಲವು ಶಾಲೆಗಳಲ್ಲೂ ಹೀಗೆ ಹೇಳಿ ಕಳಿಸುತ್ತಾರೆ. ಇದಕ್ಕೆ ಆಧಾರವಿಲ್ಲ. ಒಂದೊಂದೇ ಭಾಷೆ ತೆಗೆದುಕೊಂಡರೆ ಪದ ಕಡಿಮೆ ಕಾಣಬಹುದು. ಎಲ್ಲ ಭಾಷೆಯ ಪದಗಳನ್ನು ಸೇರಿಸಿ ಎಣಿಸಿದರೆ ಒಂದೇ ಭಾಷೆಯ ಮಕ್ಕಳಿಗೆ ಸರಿಸಮ ಬರುತ್ತದೆ ಅಂತ ಬಾರ್ಬರಾ ಪಿಯರ್ಸನ್ ಮತ್ತು ಜೊತೆಗಾರರು 1993ರಲ್ಲಿ ತೋರಿಸಿದರು. ಫ್ರಾನ್ಸಿನ ಜೂಲ್ ರೋಂಜಾ ಎಂಬವರು 1913ರಲ್ಲಿ ತಮ್ಮ ಮಗನ ಬಗ್ಗೆ ಬರೆಯುತ್ತ ‘ಒಬ್ಬರಿಗೆ ಒಂದೇ ಭಾಷೆ’ ಅನ್ನುವ ಪದ್ಧತಿ ಹೇಳಿದರು. ಅಪ್ಪ ಫ್ರೆಂಚ್, ಅಮ್ಮ ಜರ್ಮನ್. ಗಂಡ, ಹೆಂಡತಿ, ಒಂದು ಮಗು ಇರುವ ಮನೆಗೆ ಅದು ಸರಿ. ಒಂದೇ ಉಸಿರಿನಲ್ಲಿ ಎರಡು ಭಾಷೆ ಆಡುವ ಅಜ್ಜಿ ಇರುವ ಮನೆಯಲ್ಲಿ ನಡೆಯುವ ಮಾತಲ್ಲ. ನಡೆಸಲು ಹೋಗುವ ಅಗತ್ಯವೂ ಇಲ್ಲ. ನೀವು ಹೇಗೆ ಆಡುತ್ತೀರೋ ಹಾಗೇ ಆಡಿ, ಅದನ್ನು ಬರೆಯಿರಿ.

ಹಂತ 2: ಒಂದು ನಮೂದು ಹೇಗಿರಬೇಕು

ಪ್ರತಿ ಸಲ ನಾಲ್ಕು ವಿಷಯ ಬರೆಯಿರಿ: ಮಗುವಿನ ವಯಸ್ಸು, ಅದು ಹೇಳಿದ್ದು, ಆಗ ನಡೆಯುತ್ತಿದ್ದದ್ದು, ಅದಕ್ಕೂ ಮುಂಚೆ ಬೇರೆಯವರು ಹೇಳಿದ್ದು. ವಯಸ್ಸಿಗೆ ಸಂಶೋಧಕರದ್ದೇ ಒಂದು ಬರವಣಿಗೆ ಇದೆ. 1;8.12 ಅಂದರೆ ಒಂದು ವರ್ಷ, ಎಂಟು ತಿಂಗಳು, ಹನ್ನೆರಡು ದಿನ. ಇದನ್ನೇ ಬಳಸಿ, ತಾರೀಖಿಗಿಂತ ಅನುಕೂಲ.

ಒಂದು ನಮೂದು ಹೀಗಿರಬಹುದು:

1;8.12. ‘ಅಂಬಾ ತಾಚಿ.’ ಕೊಟ್ಟಿಗೆಯಲ್ಲಿ ಕರು ಮಲಗಿತ್ತು. ಕೈ ತೋರಿಸಿ ಹೇಳಿತು. ಯಾರೂ ಏನೂ ಕೇಳಿರಲಿಲ್ಲ.

ಕೊನೆಯ ವಾಕ್ಯ ನೋಡಿ. ಅಜ್ಜ ಅದಾಗಲೇ ‘ಅಂಬಾ ತಾಚಿ ಮಾಡ್ತಿದೆ’ ಅಂದಿದ್ದರೆ ಮಗುವಿನದು ಬರೀ ಅನುಕರಣೆ ಇರಬಹುದು. ಅನುಕರಣೆಯನ್ನೂ ಬರೆಯಿರಿ, ಪಕ್ಕದಲ್ಲಿ ‘ಅನು’ ಅಂತ ಗುರುತು ಹಾಕಿ.

ಕನ್ನಡ ಲಿಪಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕೇಳಿದ ಧ್ವನಿಯನ್ನು ಹೆಚ್ಚುಕಡಿಮೆ ಹಾಗೇ ಬರೆಯಬಹುದು. ಕೊಂಕಣಿ, ನವಾಯತಿ ಮಾತನ್ನೂ ಇದರಲ್ಲೇ ಬರೆಯಿರಿ. ಮಗು ‘ಕಾಕಾ’ಗೆ ‘ತಾತಾ’ ಅಂದರೆ ‘ತಾತಾ’ ಅಂತಲೇ ಇರಲಿ. ‘ರೊಟ್ಟಿ’ಗೆ ‘ಲೊಟ್ಟಿ’ ಅಂದರೆ ‘ಲೊಟ್ಟಿ’. ಅರ್ಥವನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಪಕ್ಕಕ್ಕೆ ಬರೆದರೆ ಸಾಕು.

‘ಲೊಟ್ಟಿ’ ಅನ್ನುವ ಮಗುವಿಗೆ ನೀವೂ ‘ಲೊಟ್ಟಿ ಬೇಕಾ?’ ಅಂತ ಕೇಳಿ ನೋಡಿ. ಕೆಲವು ಮಕ್ಕಳಿಗೆ ಸಿಟ್ಟೇ ಬರುತ್ತದೆ. ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ 1960ರಲ್ಲಿ ಇಂಥ ಮಗುವಿನ ಬಗ್ಗೆ ಬರೆದಿದ್ದಾರೆ. ಅದು ತನ್ನ ಪ್ಲಾಸ್ಟಿಕ್ ಮೀನಿಗೆ ‘ಫಿಸ್’ ಅನ್ನುತ್ತಿತ್ತು. ದೊಡ್ಡವರು ‘ಇದು ನಿನ್ನ ಫಿಸ್ಸಾ?’ ಅಂದರೆ ಅಲ್ಲ ಅನ್ನುತ್ತಿತ್ತು. ‘ಫಿಶ್’ ಅಂದಾಗ ಮಾತ್ರ ಹೌದು. ಕಿವಿಗೆ ವ್ಯತ್ಯಾಸ ಗೊತ್ತು, ನಾಲಿಗೆಗೆ ಇನ್ನೂ ಬಂದಿಲ್ಲ. ನೀವು ಪಟ್ಟಿಯಲ್ಲಿ ‘ರೊಟ್ಟಿ’ ಅಂತ ತಿದ್ದಿ ಬರೆದಿದ್ದರೆ ಈ ವಿಷಯ ಅಲ್ಲೇ ಅಳಿಸಿಹೋಗುತ್ತಿತ್ತು.

ಹಂತ 3: ಮಾತು ಬರುವ ಮೊದಲೇ ಶುರು ಮಾಡಿ

ಮೊದಲ ವರ್ಷ ಬರೆಯಲು ಏನೂ ಇಲ್ಲ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಅತಿ ದೊಡ್ಡ ಕಲಿಕೆ ನಡೆಯುವುದು ಆಗಲೇ. ಹುಟ್ಟಿದ ಮಗು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಕೇಳಲು ಇಷ್ಟಪಡುತ್ತದೆ ಅಂತ ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದರು. ಮಾತು ಬಾರದ ಮಗು ಏನು ಕೇಳಿಸಿಕೊಂಡಿದೆ ಅಂತ ತಿಳಿಯುವುದು ಹೇಗೆ? ಅವರು ನಿಪ್ಪಲ್ಲಿಗೆ ಒಂದು ಯಂತ್ರ ಜೋಡಿಸಿದರು. ಮಗು ಒಂದು ಲಯದಲ್ಲಿ ಚೀಪಿದರೆ ತಾಯಿಯ ದನಿ, ಇನ್ನೊಂದು ಲಯದಲ್ಲಿ ಚೀಪಿದರೆ ಬೇರೆಯವರ ದನಿ. ಮಕ್ಕಳು ತಾಯಿಯ ದನಿ ಬರುವ ಹಾಗೆ ಚೀಪಿದರು.

ನಮಗೆ ಹತ್ತಿರದ್ದು ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಬಳಸಿದ್ದರಲ್ಲಿ ಹಿಂದಿಯ ‘ತ’ ಮತ್ತು ‘ಟ’ ಕೂಡ ಇದ್ದವು. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ, ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಅದು ಸರಿಯಾಗಿ ಕೇಳಿಸುವುದೂ ಇಲ್ಲ. ಆದರೆ ಇಂಗ್ಲಿಷ್ ಮನೆಯ ಆರರಿಂದ ಎಂಟು ತಿಂಗಳ ಕೂಸುಗಳಿಗೆ ಕೇಳಿಸಿತು. ಧ್ವನಿ ಬದಲಾದ ಕೂಡಲೇ ತಲೆ ತಿರುಗಿಸಿದರೆ ಒಂದು ಗೊಂಬೆ ಕುಣಿಯುತ್ತದೆ, ಪರೀಕ್ಷೆ ಇಷ್ಟೇ. ಹತ್ತರಿಂದ ಹನ್ನೆರಡು ತಿಂಗಳಿಗೆ ಆ ಮಕ್ಕಳಲ್ಲಿ ಈ ಶಕ್ತಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು. ನಮ್ಮ ಮಕ್ಕಳು ದಿನಾ ‘ತಟ್ಟೆ’ ಅನ್ನುವ ಪದ ಕೇಳುತ್ತಾರೆ. ಅವರ ಕಿವಿ ಇದನ್ನು ಬಿಟ್ಟುಕೊಡುವುದಿಲ್ಲ.

ಈ ಪ್ರಯೋಗಗಳನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಆಗುವುದಿಲ್ಲ. ಮನೆಯಲ್ಲಿ ಗಮನಿಸಬೇಕಾದದ್ದು ಬೇರೆ. ಎರಡು ಮೂರು ತಿಂಗಳಿಗೆ ‘ಊ’, ‘ಆ’ ಅನ್ನುವ ದನಿ. ಆರರಿಂದ ಹತ್ತು ತಿಂಗಳೊಳಗೆ ‘ಬಾಬಾಬಾ’, ‘ದದದ’ ಅನ್ನುವ ತೊದಲು. ಒಂದು ವರ್ಷದ ಹತ್ತಿರ ಬೆರಳು ತೋರಿಸುವುದು. ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತದಾ? ಬೇಕು ಅಂತ ತೋರಿಸುತ್ತದಾ, ಸುಮ್ನೆ ‘ಅದು ನೋಡು’ ಅಂತ ತೋರಿಸುತ್ತದಾ? ಎರಡನ್ನೂ ಬೇರೆ ಬೇರೆ ಬರೆಯಿರಿ. ಇದು ಪದದಷ್ಟೇ ಮುಖ್ಯ.

ಮೊಬೈಲ್ ವಿಡಿಯೋ ತೋರಿಸಿದರೆ ಭಾಷೆ ಬರುತ್ತದೆ ಅನ್ನುವವರಿಗೆ ಒಂದು ಮಾತು. ಪೆಟ್ರೀಶಿಯಾ ಕೂಲ್ ಮತ್ತು ಜೊತೆಗಾರರು 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳಿಗೆ ಹನ್ನೆರಡು ಸಲ ಮ್ಯಾಂಡರಿನ್ ಚೀನೀ ಭಾಷೆ ಕೇಳಿಸಿದರು. ಎದುರು ಕೂತು ಮನುಷ್ಯರು ಆಡಿದಾಗ ಮಕ್ಕಳು ಅದರ ಧ್ವನಿಭೇದ ಕಲಿತರು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಕಲಿಯಲಿಲ್ಲ.

ಹಂತ 4: ಪದಗಳ ಲೆಕ್ಕ

ಯಾವುದನ್ನು ‘ಪದ’ ಅಂತ ಎಣಿಸಬೇಕು? ನಿಯಮ ಸರಳ. ಒಂದೇ ಧ್ವನಿ, ಒಂದೇ ಅರ್ಥಕ್ಕೆ, ಬೇರೆ ಬೇರೆ ಸಂದರ್ಭದಲ್ಲಿ, ಯಾರೂ ಹೇಳಿಕೊಡದೆ ಬಂದರೆ ಅದು ಪದ. ದೊಡ್ಡವರ ಪದದ ಹಾಗೆ ಇರಬೇಕಂತಿಲ್ಲ. ನೀರಿಗೆ ಯಾವಾಗಲೂ ‘ಬೂ’ ಅಂದರೆ ‘ಬೂ’ ಒಂದು ಪದವೇ. ‘ಮಮ್ಮು’, ‘ತಾಚಿ’, ‘ಜೋಜೋ’, ‘ಅಂಬಾ’ ಎಲ್ಲ ಲೆಕ್ಕಕ್ಕೆ ಬರುತ್ತವೆ. ಇಂಥ ಕೂಸುಮಾತು ಆಡಿದರೆ ಮಗು ಕೆಡುತ್ತದೆ ಅನ್ನುವವರಿದ್ದಾರೆ. ಕೆಡುವುದಿಲ್ಲ. ಆಡದಿದ್ದರೂ ಪರವಾಗಿಲ್ಲ. ಪಪುವಾ ನ್ಯೂ ಗಿನಿಯ ಕಲುಲಿ ಜನ ಮಕ್ಕಳಿಗಾಗಿ ಮಾತನ್ನು ಸರಳ ಮಾಡುವುದಿಲ್ಲ ಅಂತ ಬ್ಯಾಂಬಿ ಶೀಫೆಲಿನ್ ಬರೆದಿದ್ದಾರೆ. ಅಲ್ಲಿನ ಮಕ್ಕಳೂ ಚೆಂದ ಮಾತಾಡುತ್ತಾರೆ.

ಪಟ್ಟಿಯಲ್ಲಿ ಎರಡು ಕಂಬ ಮಾಡಿ: ‘ಅರ್ಥವಾಗುತ್ತದೆ’ ಮತ್ತು ‘ಹೇಳುತ್ತದೆ’. ಮೊದಲನೆಯದು ಯಾವಾಗಲೂ ಉದ್ದ. ಆರರಿಂದ ಒಂಬತ್ತು ತಿಂಗಳ ಮಕ್ಕಳಿಗೇ ಕೆಲವು ದಿನಬಳಕೆಯ ಪದ ಅರ್ಥವಾಗುತ್ತದೆ ಅಂತ ಎಲಿಕಾ ಬರ್ಗೆಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲಿ 2012ರಲ್ಲಿ ಕಂಡುಕೊಂಡರು. ಎರಡು ಚಿತ್ರ ತೋರಿಸಿ, ಒಂದರ ಹೆಸರು ಹೇಳಿ, ಕಣ್ಣು ಎತ್ತ ಹೋಗುತ್ತದೆ ಅಂತ ಅಳೆದರು.

ಇದನ್ನು ಮನೆಯಲ್ಲೂ ಮಾಡಬಹುದು. ಒಂದು ವರ್ಷದ ಮಗುವಿನ ಮುಂದೆ ಚಮಚ ಮತ್ತು ಚೆಂಡು ಇಡಿ, ಒಂದು ಮೊಳ ದೂರ ದೂರ. ‘ಚಮಚ ಎಲ್ಲಿದೆ?’ ಅಂತ ಕೇಳಿ. ಕೇಳುವಾಗ ನೀವು ಚಮಚದ ಕಡೆ ನೋಡಬಾರದು. ಇದೇ ದೊಡ್ಡ ಪೇಚು. ಮಗು ನಿಮ್ಮ ಕಣ್ಣು ನೋಡಿ ಉತ್ತರ ಹೇಳಿಬಿಡುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿಗೆ ಕಣ್ಣು ಮುಚ್ಚಲು ಹೇಳುತ್ತಾರೆ, ಇಲ್ಲವೇ ಕಿವಿಗೆ ಹೆಡ್‌ಫೋನ್ ಹಾಕಿ ಬೇರೇನೋ ಕೇಳಿಸುತ್ತಾರೆ. ನೀವು ಮಗುವಿನ ಹಣೆ ನೋಡುತ್ತ ಕೇಳಿ. ಎಡ ಬಲ ಬದಲಿಸಿ ಬದಲಿಸಿ ಕೇಳಿ. ಮಗುವಿಗೆ ಬೇಜಾರು ಬಂದರೆ ನಿಲ್ಲಿಸಿ.

ಎರಡು ಭಾಷೆಯ ಮನೆಯಾದರೆ ಪದದ ಪಕ್ಕ ಭಾಷೆ ಬರೆಯಿರಿ. ಅನ್ನಕ್ಕೆ ಕನ್ನಡದ ‘ಅನ್ನ’ ಅಂತಲೂ ಕೊಂಕಣಿಯ ‘ಶೀತ’ ಅಂತಲೂ ಮಗು ಹೇಳಿದರೆ ಪದ ಎರಡು, ವಿಷಯ ಒಂದು. ಎರಡು ಲೆಕ್ಕವೂ ಬೇಕು. ಯಾರ ಹತ್ತಿರ ಯಾವುದನ್ನು ಹೇಳುತ್ತದೆ ಅಂತ ನೋಡಿದರೆ ಇನ್ನೂ ಒಳ್ಳೆಯದು.

ಮಗು ಒಂದು ಪದವನ್ನು ಯಾವ ಯಾವುದಕ್ಕೆ ಬಳಸುತ್ತದೋ ಅದನ್ನೂ ಗಮನಿಸಿ. ಒಂದು ಮಗುವಿಗೆ ಆಕಳು, ಎಮ್ಮೆ, ನಾಯಿ, ಆಡು ಎಲ್ಲವೂ ‘ಅಂಬಾ’. ಇನ್ನೊಂದಕ್ಕೆ ತಮ್ಮ ಮನೆಯ ಆಕಳು ಮಾತ್ರ ‘ಅಂಬಾ’, ಪಕ್ಕದ ಮನೆಯದಲ್ಲ. ಅರ್ಥ ಹಿಗ್ಗುವುದೂ ಕುಗ್ಗುವುದೂ ಎಲ್ಲ ಭಾಷೆಯ ಮಕ್ಕಳಲ್ಲೂ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ. ನಿಮ್ಮ ಲೆಕ್ಕವನ್ನು ಭಾವನ ಮಗಳ ಲೆಕ್ಕದ ಜೊತೆ ಹೋಲಿಸಬೇಡಿ. ಒಂದೇ ವಯಸ್ಸಿನ ಆರೋಗ್ಯವಂತ ಮಕ್ಕಳಲ್ಲಿ ಪದಗಳ ಸಂಖ್ಯೆ ಅಜಗಜಾಂತರ ಇರುತ್ತದೆ.

ಹಂತ 5: ರೆಕಾರ್ಡಿಂಗ್

ಪಟ್ಟಿಗೆ ಒಂದು ದೋಷ ಇದೆ. ನಮಗೆ ವಿಶೇಷ ಅನ್ನಿಸಿದ್ದನ್ನು ಮಾತ್ರ ಬರೆಯುತ್ತೇವೆ. ದಿನಾ ಹೇಳುವ ಸಾಮಾನ್ಯ ಮಾತು ಬಿಟ್ಟುಹೋಗುತ್ತದೆ. ಅದಕ್ಕೇ ಹಾರ್ವರ್ಡಿನ ರೋಜರ್ ಬ್ರೌನ್ ತಂಡ 1962ರಲ್ಲಿ ಟೇಪ್ ರೆಕಾರ್ಡರ್ ಹೊತ್ತು ಮನೆ ಮನೆಗೆ ಹೊರಟಿತು. ಆಡಂ, ಈವ್, ಸಾರಾ ಅಂತ ಹೆಸರಿಟ್ಟ ಮೂರು ಮಕ್ಕಳ ಮಾತು ಅಲ್ಲಿಂದ ಪ್ರಸಿದ್ಧವಾಯಿತು. 1984ರಲ್ಲಿ ಬ್ರಯನ್ ಮ್ಯಾಕ್‌ವಿನ್ನಿ ಮತ್ತು ಕ್ಯಾಥರೀನ್ ಸ್ನೋ ಇಂಥ ದಾಖಲೆಗಳನ್ನೆಲ್ಲ ಒಂದೆಡೆ ಸೇರಿಸುವ ‘ಚೈಲ್ಡ್ಸ್’ ಎಂಬ ಸಂಗ್ರಹ ಶುರು ಮಾಡಿದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೆಬ್ ರಾಯ್ ತಮ್ಮ ಮನೆಯ ಚಾವಣಿಗೆಲ್ಲ ಕ್ಯಾಮೆರಾ, ಮೈಕು ಹಾಕಿಸಿ ಮಗನ ಮೊದಲ ವರ್ಷಗಳನ್ನು ಹಿಡಿದಿಟ್ಟರು. ನಮ್ಮಲ್ಲಿ ಅಷ್ಟಕ್ಕೆ ಅಜ್ಜಿ ಒಪ್ಪಬೇಕಲ್ಲ!

ನಿಮಗೆ ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಗುವಿನ ಕಣ್ಣಿಗೆ ಬೀಳದ ಹಾಗೆ, ಕೈಯಳತೆಯ ದೂರದಲ್ಲಿ ಇಡಿ. ವಿಡಿಯೋಗಿಂತ ಆಡಿಯೋ ಒಳ್ಳೆಯದು. ಮೊಬೈಲ್ ಎತ್ತಿ ಹಿಡಿದರೆ ಮಗು ಮಾತು ಬಿಟ್ಟು ಮೊಬೈಲಿಗೇ ಕೈ ಹಾಕುತ್ತದೆ. ಸ್ನಾನ, ಊಟ, ಆಟದ ಹೊತ್ತು ಸೂಕ್ತ. ಫ್ಯಾನ್ ಆರಿಸಿ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಇದು ಸುಲಭವಲ್ಲ. ಹಂಚಿನ ಮಾಡಿಗೆ, ತಗಡಿಗೆ ಹೊಡೆಯುವ ಮಳೆಯ ಸದ್ದಿನಲ್ಲಿ ಮಗುವಿನ ದನಿ ಮುಳುಗಿಹೋಗುತ್ತದೆ. ಬಟ್ಟೆ, ಹಾಸಿಗೆ ತುಂಬಿದ ಒಳಕೋಣೆಯಲ್ಲಿ ಪರವಾಗಿಲ್ಲ ಅನ್ನುವ ಹಾಗೆ ಬರುತ್ತದೆ. ಅಷ್ಟೂ ಆಗದಿದ್ದರೆ ಮಳೆ ಹೊಳವಾದಾಗ ಮಾಡಿ, ಎರಡು ವಾರ ಮೂರು ವಾರವಾದರೂ ತೊಂದರೆಯಿಲ್ಲ.

‘ಅದು ಹೇಳು, ಇದು ಹೇಳು’ ಅಂತ ಪರೀಕ್ಷೆ ಮಾಡಬೇಡಿ. ನೆಂಟರ ಮುಂದೆ ಮಗುವಿನಿಂದ ಹಾಡು ಹೇಳಿಸಿದ ಹಾಗೆ ಆಗಿಬಿಡುತ್ತದೆ. ನಮಗೆ ಬೇಕಾದದ್ದು ಅದು ತಾನಾಗಿ ಆಡಿದ್ದು.

ಬರೆದಿಡುವಾಗ ಸಾಲಿಗೊಂದು ಮಾತು. ಯಾರು ಆಡಿದ್ದು ಅಂತ ಮೊದಲು. ಅರ್ಥವಾಗದ ಕಡೆ ××× ಹಾಕಿ, ಊಹೆ ಮಾಡಬೇಡಿ. ಅರ್ಧ ಗಂಟೆಯದ್ದನ್ನು ಬರೆಯಲು ಅರ್ಧ ದಿನವೇ ಹಿಡಿಯಬಹುದು. ಮಾತನ್ನು ಅಕ್ಷರ ಮಾಡಿಕೊಡುವ ಆ್ಯಪ್‌ಗಳನ್ನು ನಂಬಬೇಡಿ. ಅವು ಮಗುವಿನ ‘ಲೊಟ್ಟಿ’ಯನ್ನು ತಿದ್ದಿ ‘ರೊಟ್ಟಿ’ ಮಾಡಿಬಿಡುತ್ತವೆ. ನಾವು ಯಾವುದನ್ನು ಮಾಡಬಾರದೋ ಅದನ್ನೇ.

ಒಂದು ಲೆಕ್ಕವೂ ತಲೆಯಲ್ಲಿರಲಿ. ಮಗು ದಿನಕ್ಕೆ ಹತ್ತು ಗಂಟೆ ಎಚ್ಚರ ಇರುತ್ತದೆ ಅಂದುಕೊಂಡರೂ ಎರಡು ವಾರಕ್ಕೆ 140 ಗಂಟೆ. ಅದರಲ್ಲಿ ನೀವು ಹಿಡಿದದ್ದು ಅರ್ಧ ಗಂಟೆ. ಅಪರೂಪದ ಮಾತು ಅದರಲ್ಲಿ ಸಿಗದಿದ್ದರೆ ಮಗುವಿಗೆ ಬರುವುದಿಲ್ಲ ಅಂತ ತೀರ್ಮಾನಿಸಬಾರದು. ಅದಕ್ಕೇ ಪಟ್ಟಿ ಮತ್ತು ರೆಕಾರ್ಡಿಂಗ್ ಎರಡೂ ಬೇಕು.

ರೆಕಾರ್ಡಿಂಗನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅರ್ಧ ಗಂಟೆಯಲ್ಲಿ ಮನೆಯ ಜಗಳ, ಸಾಲದ ಮಾತು ಎಲ್ಲ ಬಂದಿರುತ್ತದೆ. ಬೇರೆಯವರ ಮಗುವಾದರೆ ಹೆತ್ತವರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಹೆಸರು ಬದಲಿಸಿ. ಸಂಶೋಧಕರಿಗೆ ಇದು ಕಡ್ಡಾಯ.

ಹಂತ 6: ಎರಡು ಪದ ಕೂಡಿದ ಮೇಲೆ

ಒಂದೂವರೆಯಿಂದ ಎರಡು ವರ್ಷದ ನಡುವೆ ‘ಅಪ್ಪ ಟಾಟಾ’, ‘ಇನ್ನು ಮಮ್ಮು’ ಬರತೊಡಗುತ್ತವೆ. ನಿಜವಾದ ಮಜಾ ಇಲ್ಲಿಂದ.

ಮೊದಲು ಬೇಡ, ಇಲ್ಲ, ಅಲ್ಲ ಈ ಮೂರಕ್ಕೆ ಒಂದೊಂದು ಪುಟ ಇಡಿ. ಲೋಯಿಸ್ ಬ್ಲೂಮ್ 1970ರಲ್ಲಿ ಇಂಗ್ಲಿಷ್ ಮಕ್ಕಳ ‘ನೋ’ ಬಗ್ಗೆ ಬರೆದರು. ಆ ಒಂದೇ ‘ನೋ’ ಮೂರು ಕೆಲಸ ಮಾಡುತ್ತದೆ: ವಸ್ತು ಇಲ್ಲ ಅನ್ನುವುದು, ತನಗೆ ಬೇಡ ಅನ್ನುವುದು, ನೀನು ಹೇಳಿದ್ದು ನಿಜವಲ್ಲ ಅನ್ನುವುದು. ಅವರು ನೋಡಿದ ಮಕ್ಕಳ ವಾಕ್ಯಗಳಲ್ಲಿ ಇವು ಇದೇ ಕ್ರಮದಲ್ಲಿ ಬಂದವು. ಇಂಗ್ಲಿಷಿನಲ್ಲಿ ಯಾವ ‘ನೋ’ ಯಾವುದು ಅಂತ ಸಂದರ್ಭ ನೋಡಿಯೇ ಹೇಳಬೇಕು. ಕನ್ನಡದಲ್ಲಿ ಮೂರಕ್ಕೂ ಬೇರೆ ಬೇರೆ ಪದ. ಕೊಂಕಣಿಯಲ್ಲೂ ನಾಕಾ, ನಾ, ನ್ಹಯ್ ಅಂತ ಮೂರಿವೆ. ಅಂದರೆ ನಮ್ಮ ಮಕ್ಕಳಲ್ಲಿ ಈ ವಿಷಯ ಕಣ್ಣಿಗೆ ಕಾಣುವ ಹಾಗೆ ಇದೆ.

ಗಮನಿಸಬೇಕಾದದ್ದು: ಯಾವುದು ಮೊದಲು ಬಂತು? ಮಗು ‘ಬೇಡ’ವನ್ನೇ ಎಲ್ಲದಕ್ಕೂ ಬಳಸುತ್ತದಾ? ಬಂಗಡೆ ಮುಗಿದ ಪಾತ್ರೆ ನೋಡಿ ‘ಇಲ್ಲ’ ಅನ್ನುತ್ತದಾ, ‘ಬೇಡ’ ಅನ್ನುತ್ತದಾ? ನಾಯಿ ತೋರಿಸಿ ಬೇಕೆಂದೇ ‘ಇದು ಬೆಕ್ಕು, ಅಲ್ವಾ?’ ಅಂತ ಕೇಳಿದರೆ ಏನು ಹೇಳುತ್ತದೆ? ಎರಡು ಭಾಷೆಯ ಮಗು ನಿರಾಕರಿಸಲು ಕೊಂಕಣಿಯ ‘ನಾಕಾ’, ಖಾಲಿಯಾದದ್ದಕ್ಕೆ ಕನ್ನಡದ ‘ಇಲ್ಲ’ ಅಂತ ಹಂಚಿಕೊಂಡಿರಲೂಬಹುದು. ಹಾಗಿದ್ದರೆ ಮೊದಲ ಪುಟದ ಕೋಷ್ಟಕಕ್ಕೆ ಹೋಗಿ, ಯಾರು ಮಗುವಿಗೆ ಜಾಸ್ತಿ ಬೇಡ ಅನ್ನುತ್ತಾರೆ ಅಂತ ನೋಡಿ.

ಮುಂದಿನದು ‘ತಪ್ಪು’ಗಳ ಪುಟ. ಪಟ್ಟಿಯ ಬೆಲೆಬಾಳುವ ಪುಟ ಇದೇ. ಮಾಡಿದ, ನೋಡಿದ, ಹಾಡಿದ ಅನ್ನುವುದು ನಮ್ಮ ಭೂತಕಾಲದ ಸಾಮಾನ್ಯ ದಾರಿ. ಆದರೆ ನಕ್ಕ, ಅತ್ತ, ಬಿದ್ದ, ಕೊಟ್ಟ ಈ ದಾರಿಯಲ್ಲಿಲ್ಲ. ಇವತ್ತಿನವರೆಗೆ ಚೆಂದಕ್ಕೆ ‘ಬಿದ್ದೆ’ ಅನ್ನುತ್ತಿದ್ದ ಮಗು ಒಂದು ದಿನ ‘ಬೀಳಿದೆ’ ಅನ್ನಬಹುದು. ‘ನಗಿದೆ’, ‘ಅಳಿದೆ’ ಕೂಡ ಬರಬಹುದು. ಮನೆಯವರಿಗೆ ಮಗು ಹಿಂದೆ ಬಿತ್ತು ಅನ್ನಿಸುತ್ತದೆ. ಆದದ್ದು ಅದರ ಉಲ್ಟಾ. ಮೊದಲು ‘ಬಿದ್ದೆ’ಯನ್ನು ಇಡೀ ಪದವಾಗಿ ಬಾಯಿಪಾಠ ಮಾಡಿಕೊಂಡಿತ್ತು. ಈಗ ನಿಯಮ ಸಿಕ್ಕಿದೆ, ಅದನ್ನು ಎಲ್ಲ ಕಡೆ ಹಾಕಿ ನೋಡುತ್ತಿದೆ. ‘ಬೀಳಿದೆ’ ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಹಾಗಾದರೆ ಅದನ್ನು ಮಗು ಎಲ್ಲಿಂದ ಕಲಿಯಿತು? ಎಲ್ಲಿಂದಲೂ ಅಲ್ಲ, ತಾನೇ ಕಟ್ಟಿತು. ಮಕ್ಕಳು ಬರೀ ಅನುಕರಣೆಯಿಂದ ಕಲಿಯುವುದಿಲ್ಲ ಅನ್ನುವುದಕ್ಕೆ ಪ್ರಪಂಚದಾದ್ಯಂತ ಕೊಡುವ ಸಾಕ್ಷಿ ಇಂಥದ್ದೇ.

ತಿದ್ದಬೇಕೇ? ತಿದ್ದಬೇಡಿ. ‘ಹೌದಾ, ಬಿದ್ದೆಯಾ? ನೋವಾಯ್ತಾ?’ ಅಂತ ಸರಿಯಾದ ರೂಪವನ್ನು ನಿಮ್ಮ ಮಾತಲ್ಲಿ ತಂದರೆ ಸಾಕು. ಹೆತ್ತವರು ಸಹಜವಾಗಿಯೇ ವ್ಯಾಕರಣ ತಿದ್ದುವುದು ಕಡಿಮೆ, ಸುಳ್ಳನ್ನು ತಿದ್ದುವುದು ಜಾಸ್ತಿ ಅಂತ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲೇ ಬರೆದಿದ್ದಾರೆ. ‘ಆಕಳು ಬೀಳಿತು’ ಅಂದರೆ, ಆಕಳು ಬಿದ್ದದ್ದು ನಿಜವಾಗಿದ್ದರೆ, ‘ಹೌದು ಹೌದು’ ಅನ್ನುತ್ತೇವೆ.

ಯಾವುದು ತಪ್ಪು ಅನ್ನುವಾಗ ಮನೆಯ ಮಾತನ್ನೇ ಅಳತೆ ಮಾಡಿಕೊಳ್ಳಿ. ಹವಿಗನ್ನಡದ ಮನೆಯ ಮಗು ‘ಅಕ್ಕ ಬಂತು’ ಅಂದರೆ ಅದು ತಪ್ಪಲ್ಲ, ಅಲ್ಲಿನ ವ್ಯಾಕರಣವೇ ಹಾಗೆ. ‘ನಾನು’ ಅನ್ನಲು ‘ಆನು’ ಅಂದರೂ ಅಷ್ಟೇ. ಶಾಲೆಯ ಕನ್ನಡದ ಅಳತೆ ಹಿಡಿದು ಕೆಂಪು ಗೆರೆ ಎಳೆದರೆ ನಿಮ್ಮ ಪಟ್ಟಿಯೇ ಕೆಡುತ್ತದೆ.

‘ನಿಂಗೆ ಬೇಕು’ ಅಂತ ತನಗೇ ಹೇಳಿಕೊಳ್ಳುವ ಮಕ್ಕಳೂ ಇದ್ದಾರೆ. ಎಲ್ಲರೂ ಅದಕ್ಕೆ ‘ನಿಂಗೆ ಬೇಕಾ?’ ಅಂತ ಕೇಳುತ್ತಾರಲ್ಲ, ತನ್ನ ಹೆಸರೇ ‘ನಿಂಗೆ’ ಅಂದುಕೊಂಡಿರಬೇಕು. ಎಷ್ಟು ದಿನ ಇತ್ತು, ಯಾವಾಗ ‘ನಂಗೆ’ ಬಂತು, ಬರೆಯಿರಿ.

ಇನ್ನು ಉದ್ದದ ಲೆಕ್ಕ. ಮಗುವಿನ ಸರಾಸರಿ ಮಾತು ಎಷ್ಟು ಉದ್ದ ಅಂತ ಅಳೆಯುವ ಪದ್ಧತಿಯನ್ನು ಬ್ರೌನ್ 1973ರ ಪುಸ್ತಕದಲ್ಲಿ ಬಳಕೆಗೆ ತಂದರು. ನೂರು ಮಾತು ತೆಗೆದುಕೊಂಡು, ಅದರಲ್ಲಿ ಅರ್ಥವಿರುವ ತುಂಡುಗಳನ್ನು (ಪದ, ಪ್ರತ್ಯಯ) ಎಣಿಸಿ, ನೂರರಿಂದ ಭಾಗಿಸುವುದು. ಇಂಗ್ಲಿಷಿಗೆ ಮಾಡಿದ ಈ ಅಳತೆ ಕನ್ನಡಕ್ಕೆ ಹಾಗೇ ಒಗ್ಗುವುದಿಲ್ಲ. ‘ಅಜ್ಜ ತೋಟಕ್ಕೆ ಹೋದ’ ಅನ್ನುವಲ್ಲಿ ಪದ ಮೂರೇ. ಒಡೆದರೆ ಅಜ್ಜ, ತೋಟ, ಕ್ಕೆ, ಹೋಗುವ ಕ್ರಿಯೆ, ಕಾಲದ ಗುರುತು, ಗಂಡು ಅನ್ನುವ ಗುರುತು ಅಂತ ಆರು. ನನ್ನ ಸಲಹೆ: ಪದಗಳನ್ನು ಎಣಿಸಿ, ಪ್ರತ್ಯಯಗಳನ್ನು ಬೇರೆ ಪಟ್ಟಿ ಮಾಡಿ. ಒಂದು ಪ್ರತ್ಯಯ ಕನಿಷ್ಠ ಎರಡು ಮೂರು ಬೇರೆ ಬೇರೆ ಪದಕ್ಕೆ ಹತ್ತಿದ ಮೇಲೆ ಮಾತ್ರ ‘ಬಂದಿದೆ’ ಅಂತ ಗುರುತು ಹಾಕಿ. ‘ತೋಟಕ್ಕೆ’ ಒಂದೇ ಬಂದರೆ ಅದು ಇಡಿಯಾಗಿ ನುಂಗಿದ ಪದ ಇರಬಹುದು. ‘ಮರಕ್ಕೆ’, ‘ಸಮುದ್ರಕ್ಕೆ’ ಬಂದರೆ ನಂಬಬಹುದು.

ಹಂತ 7: ಸುಳ್ಳು ಪದದ ಆಟ

ಮೂರು ವರ್ಷ ದಾಟಿದ ಮೇಲೆ ಒಂದು ಒಳ್ಳೆಯ ಆಟ ಆಡಬಹುದು. 1958ರಲ್ಲಿ ಜೀನ್ ಬರ್ಕೊ ಒಂದು ವಿಚಿತ್ರ ಪ್ರಾಣಿಯ ಚಿತ್ರ ಬರೆದು ಅದಕ್ಕೆ ‘ವಗ್’ ಅಂತ ಹೆಸರಿಟ್ಟರು. ಎರಡು ಪ್ರಾಣಿ ತೋರಿಸಿ ಈಗ ಏನನ್ನುತ್ತೀಯ ಅಂತ ಕೇಳಿದರು. ಆ ಪದ ಪ್ರಪಂಚದಲ್ಲಿ ಯಾರೂ ಹೇಳಿದ್ದಲ್ಲ. ಮಗು ಬಹುವಚನ ಮಾಡಿತೆಂದರೆ ನಿಯಮ ಗೊತ್ತಿದೆ ಅಂತ ಅರ್ಥ.

ಇದನ್ನು ಕನ್ನಡಕ್ಕೆ ಹಾಗೇ ತಂದರೆ ಕೆಡುತ್ತದೆ. ‘ಎರಡು ಆಕಳು’ ಅಂತ ದೊಡ್ಡವರೇ ಹೇಳುತ್ತೇವೆ, ‘ಆಕಳುಗಳು’ ಅಂತ ಯಾರು ಹೇಳುತ್ತಾರೆ? ನಮಗೆ ‘ಗೆ’ ಒಳ್ಳೆಯ ಆಟ. ಮನೆ, ಮನೆಗೆ. ಮರ, ಮರಕ್ಕೆ. ಊರು, ಊರಿಗೆ. ಪದದ ಕೊನೆ ನೋಡಿ ಪ್ರತ್ಯಯ ಬದಲಾಗುತ್ತದೆ.

ನೆಲದ ಮೇಲೆ ಮೂರು ಕಡೆ ಮೂರು ಬಣ್ಣದ ಬಟ್ಟೆ ಹಾಸಿ. ‘ಇದು ತೀಮೆ, ಇದು ಲೀಬ, ಇದು ದೇಬು, ಮೂರೂ ದ್ವೀಪ’ ಅನ್ನಿ. ಆಟಿಕೆಯ ದೋಣಿಯನ್ನು ಒಂದರ ಮೇಲೆ ತಂದು ನಿಲ್ಲಿಸಿ, ‘ದೋಣಿ ಎಲ್ಲಿಗೆ ಹೋಯ್ತು?’ ಅಂತ ಕೇಳಿ. ‘ತೀಮೆಗೆ’, ‘ಲೀಬಕ್ಕೆ’, ‘ದೇಬಿಗೆ’ ಬಂದರೆ ಮೂರು ನಿಯಮವೂ ತಲೆಯಲ್ಲಿದೆ. ‘ಲೀಬಗೆ’ ಅಂದರೆ ಒಂದನ್ನೇ ಎಲ್ಲಕ್ಕೂ ಹಾಕುತ್ತಿದೆ. ಆಟದಲ್ಲಿ ನೀವು ಮಾತ್ರ ಆ ರೂಪಗಳನ್ನು ಬಾಯಿ ಬಿಡಬಾರದು. ಮನೆಯ ಮಾತಿನಲ್ಲಿ ಈ ಪ್ರತ್ಯಯಗಳ ರೂಪ ಬೇರೆ ಇದ್ದರೆ ಅದೇ ನಿಮ್ಮ ಉತ್ತರಪತ್ರಿಕೆ.

ಕನ್ನಡ ಮಕ್ಕಳ ಮೇಲೇ ಮಾಡಿದ ಒಂದು ಹೆಸರುವಾಸಿ ಪ್ರಯೋಗ ಇದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ‘ಇಸು’ ಹತ್ತಿಸಿದರೆ ಮಾಡಿಸುವ ಅರ್ಥ ಬರುತ್ತದೆ: ಏರು, ಏರಿಸು. ಇದು ನಂಬಬಹುದಾದ ಗುರುತು. ವಾಕ್ಯದಲ್ಲಿ ಎರಡು ನಾಮಪದ ಇದ್ದ ಮಾತ್ರಕ್ಕೆ ಮಾಡಿಸುವ ಅರ್ಥ ಇರಬೇಕಂತಿಲ್ಲ. ಹಾಗಾದರೆ ಮೂರು ವರ್ಷದ ಆಸುಪಾಸಿನ ಮಕ್ಕಳು ಯಾವುದನ್ನು ನಂಬುತ್ತಾರೆ? ಆಟಿಕೆಯ ಪ್ರಾಣಿಗಳನ್ನು ಕೊಟ್ಟು, ವಾಕ್ಯ ಹೇಳಿ, ಆಡಿ ತೋರಿಸಲು ಹೇಳಿದರು. ಮಕ್ಕಳು ನಾಮಪದ ಎಷ್ಟಿವೆ ಅಂತ ನೋಡಿದರು, ‘ಇಸು’ವನ್ನು ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ದೊಡ್ಡವರು ‘ಇಸು’ ನೋಡಿದರು. ಕೇಳುವ ಭಾಷೆಯಲ್ಲಿ ಒಳ್ಳೆಯ ಗುರುತು ಇದ್ದರೂ ಮಕ್ಕಳು ಅದನ್ನು ಬಿಟ್ಟು ತಮ್ಮದೇ ಊಹೆಯಿಂದ ಹೊರಡುತ್ತಾರೆ ಅನ್ನುವುದು ಅವರ ವಾದ. ಇದರ ಬಗ್ಗೆ ವಿದ್ವಾಂಸರ ಚರ್ಚೆ ಮುಗಿದಿಲ್ಲ. ಪ್ಲಾಸ್ಟಿಕ್ ಕುದುರೆ, ಮೊಸಳೆ ಮನೆಯಲ್ಲಿದ್ದರೆ ನೀವೂ ಆಡಿ ನೋಡಿ. ‘ಮೊಸಳೆ ಕುದುರೆಯನ್ನು ಏರುತ್ತದೆ’ ಅಂದಾಗ ಏನು ಮಾಡುತ್ತದೆ, ‘ಏರಿಸುತ್ತದೆ’ ಅಂದಾಗ ಏನು ಮಾಡುತ್ತದೆ, ಎರಡನ್ನೂ ಬರೆಯಿರಿ. ಒಂದು ಮಗುವಿನಿಂದ ಸಿದ್ಧಾಂತ ಹೇಳಬೇಡಿ, ಅಷ್ಟೇ.

ಹಂತ 8: ಯಾವಾಗ ಡಾಕ್ಟರ ಹತ್ತಿರ ಹೋಗಬೇಕು

‘ಗಂಡು ಮಕ್ಕಳಿಗೆ ಮಾತು ತಡ’, ‘ಅವನ ಅಪ್ಪನೂ ಹಾಗೇ’, ‘ಬಜೆ ತೇದು ನೆಕ್ಕಿಸಿ’ ಅನ್ನುವ ಸಲಹೆ ಎಲ್ಲ ಮನೆಯಲ್ಲೂ ಸಿಗುತ್ತದೆ. ಹಿರಿಯರ ಪ್ರೀತಿಯ ಮಾತು, ಸರಿ. ಆದರೆ ಅದನ್ನು ನಂಬಿ ಒಂದು ವರ್ಷ ಕಳೆಯಬೇಡಿ.

ಹನ್ನೆರಡು ತಿಂಗಳಾದರೂ ತೊದಲು ಇಲ್ಲ, ಬೆರಳು ತೋರಿಸುವುದು, ಟಾಟಾ ಮಾಡುವುದು ಇಲ್ಲ. ಹದಿನಾರು ತಿಂಗಳಾದರೂ ಯಾವ ಭಾಷೆಯಲ್ಲೂ ಒಂದು ಪದ ಇಲ್ಲ. ಎರಡು ವರ್ಷವಾದರೂ ತಾನಾಗಿ ಎರಡು ಪದ ಕೂಡಿಸುವುದಿಲ್ಲ. ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋಯಿತು. ಇದರಲ್ಲಿ ಒಂದಿದ್ದರೂ ಮಕ್ಕಳ ಡಾಕ್ಟರಿಗೆ ತೋರಿಸಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಾಗಿಲು ಬಡಿದರೆ ತಿರುಗಿ ನೋಡುತ್ತದೆ ಅಂದ ಮಾತ್ರಕ್ಕೆ ಮಾತಿನ ಧ್ವನಿಗಳೆಲ್ಲ ಕೇಳಿಸುತ್ತವೆ ಅಂತ ಅಲ್ಲ. ಮತ್ತೆ ಮತ್ತೆ ಕಿವಿ ಸೋರುವ ಮಗುವಾದರೆ ಇನ್ನೂ ಎಚ್ಚರ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ಬರುವ ತಂಡ ಇದನ್ನೂ ನೋಡುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿಟ್ಟರೆ ತಾರೀಖು ತಿಳಿಸುತ್ತಾರೆ. ಹೆಚ್ಚಿನ ಪರೀಕ್ಷೆಗೆ ನಮ್ಮ ಕಡೆಯವರು ಮಣಿಪಾಲ, ಹುಬ್ಬಳ್ಳಿ ಅಂತ ಹೋಗುತ್ತಾರೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೇ ಇರುವುದು.

ಹೋಗುವಾಗ ಪಟ್ಟಿ ಒಯ್ಯಿರಿ. ‘ಮಗು ಎಷ್ಟು ಪದ ಹೇಳುತ್ತದೆ? ಮನೆಯಲ್ಲಿ ಯಾವ ಭಾಷೆ? ಮೊದಲ ಪದ ಯಾವಾಗ?’ ಅಂತ ಅಲ್ಲಿ ಕೇಳಿಯೇ ಕೇಳುತ್ತಾರೆ. ಮೊದಲ ಪುಟದ ಕೋಷ್ಟಕ, ಎರಡು ಕಂಬದ ಪದಪಟ್ಟಿ, ಇತ್ತೀಚಿನ ಒಂದು ರೆಕಾರ್ಡಿಂಗ್ ಮುಂದಿಡಿ. ಹೊಸ ಕೋಣೆಯಲ್ಲಿ, ಹೊಸ ಮುಖದ ಎದುರು ಬಾಯಿ ಬಿಡದ ಮಗು ಮನೆಯಲ್ಲಿ ಹೇಗೆ ಆಡುತ್ತದೆ ಅಂತ ಅವರಿಗೆ ತಿಳಿಯುವುದು ಅದರಿಂದಲೇ. ‘ನಾಳೆಯಿಂದ ಮನೆಯಲ್ಲಿ ಒಂದೇ ಭಾಷೆ ಆಡಿ’ ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ, ಮಾತಿನ ತಜ್ಞರ ಇನ್ನೊಂದು ಅಭಿಪ್ರಾಯ ತೆಗೆದುಕೊಳ್ಳಿ.